ಮನೆಗೆಲ್ಲ ಗಡಿಯಾರ ನೀವು, ನಿಮ್ಮ ಗಡಿಯಾರ?

ಬೆಳಗ್ಗೆ ಐದಕ್ಕೆ ಎದ್ದರೆ ಹಾಲು, ತಿಂಡಿ, ಡಬ್ಬಿ, ಸ್ಕೂಲ್ ವ್ಯಾನು. ರಾತ್ರಿ ಕೊನೆಯವರ ಊಟ ಮುಗಿದು, ಪಾತ್ರೆ ತೊಳೆದು, ದೋಸೆ ಹಿಟ್ಟು ಮುಚ್ಚಿಟ್ಟು ಮಲಗುವಾಗ ಹನ್ನೆರಡು. ಭಾನುವಾರ ಒಂದು ಗಂಟೆ ಹೆಚ್ಚು ಮಲಗಿದರೆ ಸಾಕು, "ಇನ್ನೂ ಎದ್ದಿಲ್ವಾ?" ಅನ್ನೋ ಮಾತು. ನಾವೂ ತಪ್ಪು ಮಾಡಿದವರಂತೆ ಧಡಕ್ಕನೆ ಎದ್ದುಬಿಡ್ತೀವಿ, ಅಲ್ವೇ? ಗೆಳತಿಯರೇ, ಇದು ಸೋಮಾರಿತನವಲ್ಲ. ಪ್ರಯೋಗಾಲಯದ ಇಲಿಗಳ ಕಥೆ ಕೇಳಿದರೆ ನಿಮಗೇ ತಿಳಿಯುತ್ತದೆ.

ಇಲಿಯ ಮಿದುಳಿನ ತಳಭಾಗದಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ನಮ್ಮ ಮಿದುಳಿನಲ್ಲೂ ಇದೆ. ಅದೇ ದೇಹದ ಮುಖ್ಯ ಗಡಿಯಾರ. 1972ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಈ ಗುಂಪನ್ನು ನಾಶ ಮಾಡಿ ನೋಡಿದರು. ಅವುಗಳ ಓಡಾಟಕ್ಕೆ, ನೀರು ಕುಡಿಯುವುದಕ್ಕೆ ಹೊತ್ತುಗೊತ್ತೇ ಇಲ್ಲವಾಯಿತು!

ಈ ಕೋಶಗಳು ಮಾತಾಡಿಕೊಳ್ಳುವುದು ರಾಸಾಯನಿಕಗಳ ಮೂಲಕ. ಕಣ್ಣಿಗೆ ಬೆಳಕು ಬಿದ್ದರೆ ಗ್ಲುಟಮೇಟ್ ಎಂಬ ರಾಸಾಯನಿಕ ಆ ಸುದ್ದಿಯನ್ನು ಗಡಿಯಾರಕ್ಕೆ ಮುಟ್ಟಿಸುತ್ತದೆ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಬೆಳಕು ಬಿದ್ದರೆ ಗಡಿಯಾರದ ಮುಳ್ಳೇ ಹಿಂದೆ ಮುಂದೆ ಸರಿಯುತ್ತದೆ. ಇನ್ನೊಂದು ರಾಸಾಯನಿಕದ ಹೆಸರು ಕೇಳಿದರೆ ನಗು ಬರುತ್ತೆ. ಅದು 'ವಿಐಪಿ'! ಕೋಶಗಳನ್ನೆಲ್ಲ ಒಂದೇ ತಾಳಕ್ಕೆ ತರುವುದು ಅದರ ಕೆಲಸ. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಐಪಿ ಇಲ್ಲದ ಇಲಿಗಳ ಅನೇಕ ಕೋಶಗಳು ಲಯವನ್ನೇ ಕಳೆದುಕೊಂಡಿದ್ದವು. ಲಯ ಉಳಿದವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮನೆಯಲ್ಲಿ ಪ್ರತಿಯೊಬ್ಬರ ಕೈಗಡಿಯಾರವೂ ಬೇರೆ ಬೇರೆ ಹೊತ್ತು ತೋರಿಸಿದ ಹಾಗೆ.

ಯೋಚಿಸಿ ನೋಡಿ, ನಮ್ಮ ಮನೆಗಳಲ್ಲಿ ಆ ವಿಐಪಿ ಯಾರು? ಎಲ್ಲರನ್ನೂ ಎಬ್ಬಿಸಿ, ಉಣಿಸಿ, ಹೊತ್ತಿಗೆ ಸರಿಯಾಗಿ ಕಳಿಸುವವಳು ಗೃಹಿಣಿಯೇ. ಆದರೆ ಅವಳ ನಿದ್ದೆಗೆ ಮಾತ್ರ ವೇಳಾಪಟ್ಟಿ ಇಲ್ಲ.

ಇಲಿ ರಾತ್ರಿ ಓಡಾಡುವ ಪ್ರಾಣಿ, ನಾವು ಹಗಲಿನವರು. ಅದರ ಕಥೆಯೆಲ್ಲ ನಮಗೆ ಹಾಗೇ ಅನ್ವಯಿಸದು, ನಿಜ. ಆದರೆ ಬೆಳಕು ನಮ್ಮ ಗಡಿಯಾರವನ್ನೂ ತಿದ್ದುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಹಾಗಾಗಿ ಇಷ್ಟು ಮಾಡಿ. ಏಳುವ ಹೊತ್ತು ದಿನವೂ ಆದಷ್ಟು ಒಂದೇ ಇರಲಿ. ಬೆಳಕು ಹರಿದ ಮೇಲೆ ಕಾಫಿ ಲೋಟ ಹಿಡಿದು ಹತ್ತು ನಿಮಿಷ ಬಾಲ್ಕನಿಯಲ್ಲೋ ಅಂಗಳದಲ್ಲೋ ನಿಲ್ಲಿ. ಮಲಗುವ ಒಂದು ಗಂಟೆ ಮುಂಚೆ ದೊಡ್ಡ ಲೈಟು ಆರಿಸಿ, ಮೊಬೈಲ್ ದೂರ ಇಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ನೀವೇ ಮಾತ್ರೆ ನುಂಗಬೇಡಿ, ವೈದ್ಯರನ್ನು ಕಾಣಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ತಡವಾಗಿ ಬರುವವರು ತಾವೇ ಬಡಿಸಿಕೊಂಡು ತಟ್ಟೆ ತೊಳೆದಿಡಲಿ. ಇದನ್ನು ಇವತ್ತೇ ಮನೆಯಲ್ಲಿ ಹೇಳಿ, ಜಗಳವಾಡಬೇಕಿಲ್ಲ, ನಗುತ್ತಲೇ ಹೇಳಿ. ಮನೆಯ ಗಡಿಯಾರ ಸರಿಯಾಗಿ ನಡೆಯಬೇಕಾದರೆ, ಅದಕ್ಕೆ ಕೀಲಿ ಕೊಡುವ ಕೈಗೂ ವಿಶ್ರಾಂತಿ ಬೇಕಲ್ಲವೇ?