ದಾನದ ನಲ್ಲಿ, ಹಕ್ಕಿನ ಬಾವಿ

ನಮ್ಮ ಕೇರಿಗಳಿಗೆ ಬರುವುದು ಎರಡೇ ಥರದ ಗಾಡಿ. ಒಂದು ಓಟು ಕೇಳುವವರದು, ಇನ್ನೊಂದು ಧರ್ಮ ಮಾಡುವವರದು. ಓಟಿನ ಗಾಡಿ ಧೂಳೆಬ್ಬಿಸಿ ಹೋಗುತ್ತದೆ. ಧರ್ಮದ ಗಾಡಿ ಬೋರು ಕೊರೆಸಿ, ತೊಟ್ಟಿ ಕಟ್ಟಿಸಿ, ಒಂದು ಬೋರ್ಡು ನೆಟ್ಟು ಹೋಗುತ್ತದೆ. ಮಠದವರೋ, ಮಿಷನ್ನಿನವರೋ, ಬಾಬಾ ಭಕ್ತರೋ, ಯಾರೋ ಒಬ್ಬರು. ನಮ್ಮ ಸಭೆಗಳಲ್ಲಿ ಯುವಕರು ಕೇಳುತ್ತಿದ್ದಾರೆ: ಈ ನೀರು ಕುಡಿಯಬೇಕಾ, ಬ್ಯಾಡವಾ? ಕುಡಿದರೆ ಅವರ ದೇವರನ್ನೂ ನುಂಗಬೇಕಾ?

ಮೊದಲು ನೇರ ಉತ್ತರ ಕೊಡುತ್ತೇವೆ. ಕುಡಿಯಿರಿ. ನಾಲಗೆ ಒಣಗಿದ ಮಗುವಿನ ಮುಂದೆ ಸಿದ್ಧಾಂತದ ಭಾಷಣ ಬಿಗಿಯುವುದು ಹೊಟ್ಟೆ ತುಂಬಿದವರ ಚಾಳಿ. ಕತ್ತಲಲ್ಲೆದ್ದು ಕೊಡ ಹೊತ್ತು ನಡೆಯುವ ನಮ್ಮ ಅವ್ವಂದಿರನ್ನು ಕೇಳದೆ ಯಾವ ಗಂಡಸೂ ಆ ನಲ್ಲಿಯನ್ನು ಬ್ಯಾಡ ಅನ್ನಬಾರದು.

ಮಾಡಿದವರ ಉಪಕಾರ ಮರೆಯುವ ಜನವೂ ನಾವಲ್ಲ. 1856ರಲ್ಲಿ ನಮ್ಮ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಬಾಗಿಲು ತೆರೆಯಲಿಲ್ಲ. ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂದು ಬೊಂಬಾಯಿ ಸರ್ಕಾರವೂ ಕೈಚೆಲ್ಲಿತು. ಸರ್ಕಾರಿ ಖರ್ಚಿನ ಶಾಲೆ ಎಲ್ಲರಿಗೂ ಸೇರಿದ್ದು ಎಂಬ ಅಪ್ಪಣೆ 1858ರಲ್ಲಿ ವಿಲಾಯಿತಿಯಿಂದ ಬಂತು, ಬಂದು ಕಾಗದದ ಮೇಲೇ ಕುಳಿತಿತು. ಅಂಥ ಕಾಲದಲ್ಲಿ ನಮ್ಮ ಮಕ್ಕಳ ಕೈಗೆ ಸ್ಲೇಟು ಕೊಟ್ಟವರಲ್ಲಿ ಮಿಷನ್ನಿನವರು ಮುಂದಿದ್ದರು. ಮಹಾತ್ಮ ಜೋತಿಬಾ ಫುಲೆ ಓದಿದ್ದು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ. ಅದೇ ಫುಲೆ 1868ರಲ್ಲಿ ತಮ್ಮ ಮನೆಯ ನೀರಿನ ಹೌದನ್ನೇ ಅಸ್ಪೃಶ್ಯರಿಗೆ ತೆರೆದರು. ಮಂಗಳೂರಿನಲ್ಲಿ ಬ್ರಹ್ಮ ಸಮಾಜದ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಜಾತಿಯವರ ಬಹಿಷ್ಕಾರ ಉಂಡು, ನಮ್ಮವರಿಗೆ ಶಾಲೆ ತೆರೆದರು. ಫ್ಲೋರೈಡ್ ವಿಷದಿಂದ ಹಲ್ಲು ಕಂದಿ, ಮೂಳೆ ಬಾಗುತ್ತಿದ್ದ ಆಗಿನ ಅನಂತಪುರ ಜಿಲ್ಲೆಯ ಏಳ್ನೂರಕ್ಕೂ ಹೆಚ್ಚು ಹಳ್ಳಿಗಳಿಗೆ 1990ರ ದಶಕದಲ್ಲಿ ಪೈಪು ಎಳೆಸಿದ್ದು ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟು. ಬಾಬಾ ಅವರ ಪವಾಡಗಳನ್ನು ನಾವು ಒಪ್ಪುವುದಿಲ್ಲ. ಆ ಪೈಪುಗಳನ್ನು ಒಪ್ಪುತ್ತೇವೆ. ಅದನ್ನು ಕಟ್ಟಿ ಸರ್ಕಾರಕ್ಕೆ ಒಪ್ಪಿಸಿದರಲ್ಲ, ಅದನ್ನೂ ಒಪ್ಪುತ್ತೇವೆ.

ಆದರೆ ಬಂಧುಗಳೇ, ಇಲ್ಲಿಗೇ ಕೈಮುಗಿದು ಕೂತರೆ ಕೆಟ್ಟೆವು.

ಕೇರಿಗೆ ಬೇರೆ ಬೋರು ಬಂದಾಗ ಯಾರಿಗೆ ನಿರಾಳ? ನಮಗೊಂದಿಷ್ಟು, ನಿಜ. ನಮಗಿಂತ ಹೆಚ್ಚು ನಿರಾಳ ಊರಿನವರಿಗೆ. 'ನಿಮಗೇ ಒಂದು ಬಂತಲ್ಲ, ಇನ್ನು ನಮ್ಮ ಬಾವಿ ಕಡೆ ಯಾಕೆ ಬರ್ತೀರಿ?' ಅಂತಾರೆ. ದಾನಿಗಳು ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ, ಅವರ ಸಿಮೆಂಟು ಊರು ಕೇರಿಯ ನಡುವಿನ ಗೋಡೆಗೂ ಬೀಳುತ್ತದೆ.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗಿಳಿದದ್ದು ಬರೀ ಬಾಯಾರಿಕೆಗೆ ಅಲ್ಲ. ಕೆರೆಯನ್ನು ಎಲ್ಲರಿಗೂ ತೆರೆಯುವ ನಿರ್ಣಯ ಅಲ್ಲಿನ ಪುರಸಭೆಯಲ್ಲಿ ಅದಕ್ಕೂ ಮೊದಲೇ ಆಗಿತ್ತು. ನಿರ್ಣಯ ಇತ್ತು, ನೀರು ಇರಲಿಲ್ಲ. ಒಂದು ಬೊಗಸೆ ಎತ್ತಿ, ನಾವೂ ಮನುಷ್ಯರೆಂದು ಅವರು ಸಾಧಿಸಿದರು. ಜಾತಿವಾದಿಗಳು ನಮ್ಮವರನ್ನು ಬಡಿದು, ಸೆಗಣಿ ಗಂಜಲ ಬೆರೆಸಿದ 108 ಕೊಡ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಹಳೇ ಕಾಲದ ಮಾತು ಅಂತೀರಾ? 2022ರ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೊಠಾರದಲ್ಲಿ, ಮದುವೆಗೆ ಬಂದ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಗೆ ಬಾಯೊಡ್ಡಿದಳೆಂದು ಇಡೀ ತೊಂಬೆ ಬರಿದು ಮಾಡಿ ಗೋಮೂತ್ರದಲ್ಲಿ ತೊಳೆದರು. ನಡುವೆ ತೊಂಬತ್ತೈದು ವರ್ಷ. ಗಂಜಲ ಮಾತ್ರ ಅದೇ. ಈ ಕೊಳೆ ಯಾವ ಫಿಲ್ಟರಿನಲ್ಲಿ ಹೋದೀತು?

ಶಾಲೆಯ ಕತೆಯೂ ಇಷ್ಟೇ. ಸಾವಿರಾರು ವರ್ಷ ನಮಗೆ ಅಕ್ಷರ ಕೊಡದವರು, ಬೇರೆಯವರು ಕೊಟ್ಟರೆ 'ಆಮಿಷ' ಅಂತಾರೆ. 2022ರಲ್ಲಿ ಕರ್ನಾಟಕದ ವಿಧಾನಮಂಡಲ ಒಪ್ಪಿದ ಮತಾಂತರ ಕಾಯ್ದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಹಾಗಾದರೆ ಮಠಗಳ ಉಚಿತ ಹಾಸ್ಟೆಲ್ಲು ಯಾವ ಪಟ್ಟಿಗೆ ಸ್ವಾಮಿ? ಇತ್ತ ಶಿಲುಬೆ ಹಿಡಿದ ನಮ್ಮ ಅಣ್ಣತಮ್ಮಂದಿರನ್ನು 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿತು. ಚರ್ಚಿನೊಳಗೂ ಜಾತಿ ಸಾಯಲಿಲ್ಲ. ಹೆಣ ಹೂಳಲು ಬೇರೆ ಜಾಗ ತೋರಿಸಿದ ಚರ್ಚುಗಳಿವೆ. ಜಾತಿ ನೋಡಿ ಪಂಕ್ತಿ ಹಾಕಿದ ಮಠಗಳೂ ಇವೆ.

ಆದ್ದರಿಂದ ದಾನಿಗಳಿಗೆ ನಮ್ಮ ಮಾತು ಇಷ್ಟು. ತೊಟ್ಟಿಯನ್ನು ಊರು ಕೇರಿ ಇಬ್ಬರೂ ತುಂಬಿಕೊಳ್ಳುವ ಜಾಗದಲ್ಲಿ ಕಟ್ಟಿ. ಬೀಗದ ಕೈ ಪಟೇಲರ ಮನೆಯಲ್ಲೂ ಬ್ಯಾಡ, ಪಾದ್ರಿ ಸ್ವಾಮಿಗಳ ಸೊಂಟದಲ್ಲೂ ಬ್ಯಾಡ, ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡಿ. ಉದ್ಘಾಟನೆಗೆ ನಮ್ಮ ಮಕ್ಕಳನ್ನು ಬಿಸಿಲಲ್ಲಿ ಹಾರ ಹಿಡಿಸಿ ನಿಲ್ಲಿಸಬೇಡಿ. ನಿಮ್ಮ ಶಾಲೆಯಲ್ಲಿ ನಿಮ್ಮ ಪ್ರಾರ್ಥನೆಯ ಜತೆಗೆ ಸಂವಿಧಾನವನ್ನೂ ಓದಿಸಿ. ಇದಕ್ಕೆ ಒಪ್ಪುವವರು ನಮ್ಮ ಗೆಳೆಯರು, ಅವರ ದೇವರು ಯಾರೇ ಇರಲಿ.

ಸರ್ಕಾರಕ್ಕೂ ಒಂದು ಮಾತು. ಮನೆಮನೆಗೆ ನಲ್ಲಿ ಎಂದು 2019ರಲ್ಲಿ ಸಾರಿದ್ದು ನೀವೇ. ಧರ್ಮಾತ್ಮರು ಬಂದರೆಂದು ನೀವು ಜಾರಿಕೊಳ್ಳುವ ಹಾಗಿಲ್ಲ.

ಇನ್ನು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಸಂವಿಧಾನದ 15ನೇ ವಿಧಿಯಲ್ಲಿ ಸಾರ್ವಜನಿಕ ಬಾವಿ ಕೆರೆ ನಮ್ಮವೂ ಹೌದು ಎಂದು ಬರೆದಿದೆ. 1955ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಬಾವಿ, ನಲ್ಲಿಗಳಷ್ಟೇ ಅಲ್ಲ, ಸಾರ್ವಜನಿಕರ ಹೆಸರಿನ ಧರ್ಮದತ್ತಿಯ ಸೌಲಭ್ಯದಲ್ಲೂ ಅಸ್ಪೃಶ್ಯತೆ ತೋರಿದರೆ ಶಿಕ್ಷೆಯಿದೆ. ಇದನ್ನು ಕೇರಿಕೇರಿಯಲ್ಲಿ ಓದಿ ಹೇಳಿ. ದಾನದ ನೀರು ಕುಡಿದು ಶಕ್ತಿ ಮಾಡಿಕೊಳ್ಳೋಣ. ಆ ಶಕ್ತಿಯಿಂದ ಊರಬಾವಿಗೆ ನಡೆಯೋಣ, ಒಬ್ಬೊಬ್ಬರಾಗಿ ಅಲ್ಲ, ಕೇರಿಗೆ ಕೇರಿಯೇ.

ಜೈ ಭೀಮ್.