ಮೂಲೆ ಹಿಡಿದ ಕೊಳಲೂ ವಿಡಿಯೋ ಆಟವೂ

ಕಳೆದ ರಾಜ್ಯೋತ್ಸವದ ಒಂದು ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಅರ್ಧ ಗಂಟೆ ಮಾತನಾಡಿದರು. ಅದರಲ್ಲಿ ಇಪ್ಪತ್ತು ನಿಮಿಷ ವಿಡಿಯೋ ಆಟಗಳಿಗೇ ಸಂದಿತು. ಈ ಆಟಗಳು ನಮ್ಮ ಮಕ್ಕಳ ಸೃಜನಶೀಲತೆಯನ್ನು ಕೊಂದಿವೆ, ಸಂಗೀತ ಸಾಹಿತ್ಯ ಚಿತ್ರಕಲೆಗಳು ಮೂಲೆ ಸೇರಿವೆ, ಹೊರನಾಡ ಕನ್ನಡಿಗರ ಸಂಸ್ಕೃತಿ ಬೆರಳ ತುದಿಯಲ್ಲಿ ಕರಗಿಹೋಗುತ್ತಿದೆ ಎಂದು ಅವರು ಗುಡುಗಿದರು. ಸಭಾಗೃಹದ ತುಂಬ ಚಪ್ಪಾಳೆ. ನಾನೂ ತಟ್ಟಿದೆ. ಆಮೇಲೆ ಉಪ್ಪಿಟ್ಟು ಕೇಸರಿಭಾತು ಮುಗಿಸಿ, ದಾದರಿನಲ್ಲಿ ಗಾಡಿ ಹತ್ತಿ, ಕಿಟಕಿಯ ಪಕ್ಕ ಜಾಗ ಸಿಕ್ಕ ಸಂತೋಷದಲ್ಲಿ ಮೊಬೈಲು ತೆಗೆದು, ಮೇಲಿನಿಂದ ಉದುರುವ ಇಟ್ಟಿಗೆಗಳನ್ನು ಜೋಡಿಸುವ ಆಟಕ್ಕೆ ಕೂತೆ. ಡೊಂಬಿವಲಿ ಬಂದದ್ದೇ ತಿಳಿಯಲಿಲ್ಲ.

ಇಳಿಯುವಾಗ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಒಂದು ಪ್ರಶ್ನೆಯೂ ಬಂತು. ಮಕ್ಕಳ ಸೃಜನಶೀಲತೆಯ ಮಾತು ಹಾಗಿರಲಿ, ನನ್ನದನ್ನು ಕೊಂದವರು ಯಾರು?

ನಮ್ಮ ಮನೆಯ ಬೀರುವಿನ ಮೇಲೆ ಒಂದು ಬಿದಿರ ಕೊಳಲಿದೆ. ಕೆಲಸಕ್ಕೆ ಸೇರಿ ನಾಲ್ಕಾರು ವರ್ಷವಾದ ಮೇಲೆ ಹುಮ್ಮಸ್ಸಿನಿಂದ ಕಲಿಯತೊಡಗಿದೆ. ಸರಳೆ, ಜಂಟಿ, ಅಲಂಕಾರ, ಗೀತೆ, ಎರಡು ವರ್ಣ, ಆರು ಕೃತಿ. ಅಲ್ಲಿಗೆ ಗಾಡಿ ನಿಂತಿತು; ನಿಂತು ಹನ್ನೊಂದು ವರ್ಷವಾಯಿತು. ಇಟ್ಟಿಗೆಯ ಆಟ ನನ್ನ ಕೈಗೆ ಬಂದದ್ದು 2020ರಲ್ಲಿ, ಕೊರೋನಾ ದಿಗ್ಬಂಧನದ ಕಾಲದಲ್ಲಿ. ಅಷ್ಟರಲ್ಲಿ ಕೊಳಲಿನ ಮೇಲೆ ವರ್ಷಗಟ್ಟಲೆ ಧೂಳು ಕೂತಿತ್ತು. ಕೊಲೆ ನಡೆದಾಗ ಊರಿನಲ್ಲೇ ಇಲ್ಲದವನನ್ನು ಅಪರಾಧಿ ಎನ್ನುವುದು ಯಾವ ನ್ಯಾಯ?

ಇದು ನನ್ನೊಬ್ಬನ ಕಥೆಯಲ್ಲ. ನಮ್ಮ ಬಳಗದ ಯಾರ ಮನೆಗಾದರೂ ಹೋಗಿ ನೋಡಿ. ಗವಸು ಹಾಕಿದ ವೀಣೆ, ಒಣಗಿದ ಬಣ್ಣದ ಟ್ಯೂಬುಗಳು, ನಲವತ್ತು ಪುಟಕ್ಕೆ ನಿಂತ ಕಾದಂಬರಿಯ ಫೈಲು ಕಣ್ಣಿಗೆ ಬೀಳುತ್ತವೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ, ಪುರುಸೊತ್ತಿಲ್ಲ. ಇದು ಸುಳ್ಳು. ನನಗೆ ಗಾಡಿಯಲ್ಲೇ ದಿನಕ್ಕೆ ಎರಡೂವರೆ ಗಂಟೆ ಸಿಗುತ್ತದೆ. ಕೊಳಲನ್ನು ಅಲ್ಲಿ ಊದಲಾಗದು, ನಿಜ. ಆದರೆ ರಾತ್ರಿ ಊಟದ ನಂತರವೂ ನಾನು ಮುಟ್ಟಿದ್ದು ಮೊಬೈಲನ್ನೇ ಹೊರತು ಕೊಳಲನ್ನಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಭಾಷಣಕಾರರಿಗೆ ಈಗ ಡೊಂಕಾದ ನೆಲ ವಿಡಿಯೋ ಆಟದ ರೂಪದಲ್ಲಿ ಸಿಕ್ಕಿದೆ.

ಹಾಗಾದರೆ ಆ ಆಟದಲ್ಲಿ ಇರುವುದೇನು, ಕೊಳಲಿನಲ್ಲಿ ಇಲ್ಲದ್ದೇನು? ಬಯ್ಯುವ ಮೊದಲು ಇದನ್ನು ಶಾಂತವಾಗಿ ವಿಚಾರಿಸಬೇಕು.

ನಾನಾಡುವ ಆಟದ ಮೂಲ ಟೆಟ್ರಿಸ್. 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬಾತ ರಚಿಸಿದ್ದು. ಆತನೂ ನನ್ನಂತೆ ಸರ್ಕಾರಿ ನೌಕರ! ಅವನ ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲವಾಗಿ ಆವರಣ ಚಿಹ್ನೆಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿಕೊಂಡ. ನಾಲ್ಕು ನಾಲ್ಕು ಚೌಕಗಳ ಏಳು ಆಕಾರಗಳು, ಅಷ್ಟೇ ಬಂಡವಾಳ. ಈ ಕ್ಷಣದಲ್ಲಿ ಏನು ಮಾಡಬೇಕೆಂಬುದರಲ್ಲಿ ಸಂದೇಹವಿಲ್ಲ: ಈ ಇಟ್ಟಿಗೆಗೆ ಒಂದು ಜಾಗ ಹುಡುಕು. ಸರಿಯಾಯಿತೋ ತಪ್ಪಾಯಿತೋ ಎಂಬ ಉತ್ತರ ಆ ಕ್ಷಣವೇ ಸಿಗುತ್ತದೆ. ಕೈ ಪಳಗಿದಂತೆ ವೇಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಈ ಆಟದ ಮೂಲರೂಪದಲ್ಲಿ ಗೆಲುವೆಂಬುದೇ ಇಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೆ ಇಟ್ಟಿಗೆಗಳು ತಲೆಯ ಮೇಲೆ ಬೀಳುತ್ತವೆ. ಸೋತದ್ದಕ್ಕೆ ದಂಡವಿಲ್ಲ, ಅವಮಾನವಿಲ್ಲ. ಒಂದು ಗುಂಡಿ ಒತ್ತಿದರೆ ಮತ್ತೆ ಮೊದಲಿನಿಂದ.

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು ರೂಪಿಸಿದ ಸೂಪರ್ ಮಾರಿಯೊ ನೋಡಿ. ಆಡುವ ಬಗೆಯನ್ನು ಪರದೆಯ ಮೇಲೆ ಯಾರೂ ಬರೆದು ಹೇಳುವುದಿಲ್ಲ. ಆರಂಭದಲ್ಲೇ ಒಂದು ಪುಟ್ಟ ರಾಕ್ಷಸ ಎದುರಿನಿಂದ ನಡೆದು ಬರುತ್ತದೆ. ಹಾರದಿದ್ದರೆ ಸಾಯುತ್ತೀರಿ, ಹಾರಿದರೆ ಹಾರುವುದನ್ನು ಕಲಿತಿರಿ. ಹೀಗೆ ಮೊದಲ ಮನೆಯೇ ಪಾಠಶಾಲೆ.

ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚದುರಂಗದವರು, ಬಂಡೆ ಹತ್ತುವವರು, ಶಸ್ತ್ರಚಿಕಿತ್ಸಕರು ಮುಂತಾದವರ ತನ್ಮಯತೆಯನ್ನು ಪರಿಶೀಲಿಸಿದರು. ಕೆಲಸ ಶಕ್ತಿಗೆ ಮೀರಿದರೆ ಆತಂಕ, ಶಕ್ತಿಗಿಂತ ಕಡಿಮೆಯಾದರೆ ಬೇಸರ; ಎರಡೂ ಸರಿಸಮ ನಿಂತಲ್ಲಿ ಮನುಷ್ಯ ತನ್ನನ್ನು ಮರೆಯುತ್ತಾನೆ ಎಂಬುದು ಅವರ ಮಾತಿನ ಸಾರ. ಒಳ್ಳೆಯ ವಿಡಿಯೋ ಆಟ ಆ ಸಮತೂಕವನ್ನು ಕಾಯ್ದುಕೊಡುವ ಯಂತ್ರ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿತು. ಬಿಟ್ಟಿ ಎಂದು ಕರೆದು, ನಡುವೆ ಕತ್ತಿ ಬೇಕೇ ನೂರು ರೂಪಾಯಿ ಕೊಡು ಎನ್ನುವ ಆಟಗಳನ್ನು ನಾನು ಸಮರ್ಥಿಸುವುದಿಲ್ಲ. ಅವು ಆಟಗಳಲ್ಲ, ಜೇಬುಗಳ್ಳತನ. ಆದರೆ ನಮ್ಮ ಭಾಷಣಕಾರರು ಹೇಳಿದ್ದು ಇದನ್ನಲ್ಲ. ಆಟವಿಲ್ಲದಿದ್ದರೆ ಮಕ್ಕಳು ವೀಣೆ ಹಿಡಿಯುತ್ತಿದ್ದರು ಎಂದು. ಅದು ಸುಳ್ಳು ಎಂಬುದೇ ನನ್ನ ವಾದ.

ನಮ್ಮ ಹಿರಿಯರಿಗೆ ಈ ಮೆಟ್ಟಿಲಿನ ಗುಟ್ಟು ತಿಳಿಯದೇನಿರಲಿಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಪ್ರತೀತಿಯಿರುವ ಸಂಗೀತ ಪಾಠಕ್ರಮವನ್ನೇ ನೋಡಿ. ಮಾಯಾಮಾಳವಗೌಳದಲ್ಲಿ ಸರಳೆ, ಆಮೇಲೆ ಸ್ವರ ಇಮ್ಮಡಿಸುವ ಜಂಟಿ, ಆಮೇಲೆ ಏಳು ತಾಳಗಳ ಅಲಂಕಾರ. ಅದೇ ಪಾಠ ಎರಡನೆಯ ಕಾಲದಲ್ಲಿ ಇಮ್ಮಡಿ ವೇಗ, ಮೂರನೆಯ ಕಾಲದಲ್ಲಿ ನಾಲ್ಮಡಿ. ಟೆಟ್ರಿಸ್‌ನಲ್ಲಿ ವೇಗ ಏರುವ ಉಪಾಯಕ್ಕೂ ಇದಕ್ಕೂ ಏನು ವ್ಯತ್ಯಾಸ? ದಾಸರು ಹುಟ್ಟಿದ್ದು 1484ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಾಸ್ಕೋದ ನೌಕರನಿಗೆ ಹೊಳೆದದ್ದು ಸರಿಯಾಗಿ ಐನೂರು ವರ್ಷ ತಡವಾಗಿ.

ಆದರೆ ಈ ಏಣಿ ಒಂದು ಕಡೆ ಮುಗಿಯುತ್ತದೆ. ವರ್ಣ, ಕೃತಿಗಳವರೆಗೆ ಮುಂದಿನ ಮೆಟ್ಟಿಲು ಯಾವುದೆಂದು ಗೊತ್ತು. ಅದಾದ ಮೇಲೆ ಮನೋಧರ್ಮ. ಆಲಾಪನೆ, ಕಲ್ಪನಾಸ್ವರ, ಅಂದರೆ ಸ್ವಂತದ್ದು. ಹೇಗೆ ಎಂದು ಕೇಳಿದಾಗ ನನಗೆ ಸಿಕ್ಕ ಉತ್ತರ, "ಕೇಳ್ತಾ ಕೇಳ್ತಾ ತಾನೇ ಬರುತ್ತೆ". ಬರಲಿಲ್ಲ. ಇವತ್ತು ಏನು ಮಾಡಬೇಕೆಂಬುದು ತಿಳಿಯದು, ಮಾಡಿದ್ದು ಸರಿಯೋ ತಪ್ಪೋ ಹೇಳುವವರಿಲ್ಲ, ಮುಂದಿನ ಮೆಟ್ಟಿಲು ಆಳೆತ್ತರ. ಕಥೆ ಬರೆಯುವವರು, ಚಿತ್ರ ಬರೆಯುವವರು ಕೈಚೆಲ್ಲುವುದೂ ಇಲ್ಲೇ. ಪ್ರತಿಭೆ ಇಲ್ಲವೆಂದು ಭಾವಿಸಿ ಗವಸು ಹಾಕಿಬಿಡುತ್ತೇವೆ. ಅಲ್ಲಿ ಇಲ್ಲದ್ದು ಪ್ರತಿಭೆಯಲ್ಲ, ಮೆಟ್ಟಿಲು.

ಇದು ದೊಡ್ಡವರ ಕಥೆ. ಮಕ್ಕಳ ವಿಷಯದಲ್ಲಿ ನಾವು ಮಾಡುವುದು ಇನ್ನೂ ಘೋರ. ಇರುವ ಏಣಿಯನ್ನೇ ಒದ್ದು ಬೀಳಿಸುತ್ತೇವೆ. ಮೂರು ವರ್ಷದ ಹಿಂದೆ ಒಂದು ಭಾವಗೀತೆ ಸ್ಪರ್ಧೆಗೆ ನನ್ನ ಮಗಳನ್ನು ಕರೆದೊಯ್ದೆ. ಆಗ ಅವಳಿಗೆ ಒಂಬತ್ತು. ಎರಡನೆಯ ಚರಣದಲ್ಲಿ ಸಾಲು ಮರೆಯಿತು. ಎದುರಿಗೆ ಮೂವತ್ತು ಮೊಬೈಲುಗಳು ಚಿತ್ರ ಹಿಡಿಯುತ್ತಿದ್ದವು, ಅದರಲ್ಲಿ ನನ್ನದೂ ಒಂದು. ಗಂಟೆ ಬಾರಿಸಿತು, ಮುಂದಿನ ಹುಡುಗಿಯ ಹೆಸರು ಕರೆದರು. ಕೊನೆಗೆ ಭಾಗವಹಿಸಿದ್ದಕ್ಕೊಂದು ಪ್ರಶಸ್ತಿಪತ್ರ ಕೊಟ್ಟರು. ಆಟೋದಲ್ಲಿ ಅವಳು ಹೇಳಿದ್ದು ಒಂದೇ ಮಾತು, "ಅಪ್ಪ, ಇನ್ಮೇಲೆ ನಾನು ಹಾಡಲ್ಲ." ಹಾಡಿಲ್ಲ.

ಆ ರಾತ್ರಿ ಅದೇ ಹುಡುಗಿ ಆಟದಲ್ಲಿ ಒಂದೇ ಹಳ್ಳಕ್ಕೆ ಇಪ್ಪತ್ತು ಸಲ ಬಿದ್ದು, ಇಪ್ಪತ್ತು ಸಲವೂ ನಕ್ಕು, ಇಪ್ಪತ್ತೊಂದನೆಯ ಸಲ ದಾಟಿದಳು. ಇಪ್ಪತ್ತು ಸಲ ಬೀಳಲು ಬಿಟ್ಟ ಆಟ ಸೃಜನಶೀಲತೆಯ ವೈರಿಯೋ, ಒಂದು ಸಲ ಬಿದ್ದವಳನ್ನು ಗಂಟೆ ಬಾರಿಸಿ ಇಳಿಸಿದ ನಾವು ವೈರಿಗಳೋ? ಭಾಷಣಕಾರರು ದಯವಿಟ್ಟು ತಿಳಿಸಬೇಕು.

ಅವಳು ಈಗ ಆಡುವುದು ಮೈನ್‌ಕ್ರಾಫ್ಟ್ ಎಂಬ ಆಟ, ಸ್ವೀಡನ್ನಿನಿಂದ ಬಂದದ್ದು. 2011ರಲ್ಲಿ ಪೂರ್ಣರೂಪ ಪಡೆಯಿತು. ಚೌಕಗಳನ್ನಿಟ್ಟು ಬೇಕಾದ್ದನ್ನು ಕಟ್ಟಬಹುದು. ಹೋದ ಬೇಸಿಗೆಯಲ್ಲಿ ಅವಳು ಅದರಲ್ಲಿ ತಿಪಟೂರಿನ ನಮ್ಮ ಹಳೆಯ ಮನೆಯನ್ನು ಕಟ್ಟತೊಡಗಿದಳು. "ಅಪ್ಪ, ಅಜ್ಜಿ ಮನೆ ಜಗಲಿಗೆ ಎಷ್ಟು ಕಂಬ?" ಎಂದು ಕೇಳಿದಳು. ಆ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ನೆನಪಾಗಲಿಲ್ಲ. ಅಣ್ಣನಿಗೆ ಫೋನು ಮಾಡಿ ಕೇಳಿದೆ, ನಾಲ್ಕಂತೆ. ತುಳಸಿಕಟ್ಟೆಯನ್ನು ಮೂರು ಸಲ ಕೆಡವಿ ಕಟ್ಟಿದಳು. ಸಂಸ್ಕೃತಿ ಬೆರಳ ತುದಿಯಲ್ಲಿ ಕರಗುವುದು ಹೀಗೆಯೇ?

ಆದರೂ ಆಟವನ್ನು ನಾನು ದೇವರ ಪೀಠದ ಮೇಲೆ ಕೂರಿಸುತ್ತಿಲ್ಲ. ಆರು ವರ್ಷದಿಂದ ಇಟ್ಟಿಗೆ ಜೋಡಿಸಿ ನನ್ನ ಕೈಯಲ್ಲಿ ಉಳಿದದ್ದು ಸೊನ್ನೆ. ಆಟದ ಏಣಿಯನ್ನು ಬೇರೆಯವರು ಹಾಕಿರುತ್ತಾರೆ, ಹತ್ತಿದರೆ ಅವರು ಕಟ್ಟಿದ ಅಟ್ಟವೇ ಸಿಗುತ್ತದೆ. ಕೊಳಲಿನಲ್ಲಿ ಸಿಗುವುದು ನನ್ನದು; ಆದ್ದರಿಂದಲೇ ಅಲ್ಲಿ ಏಣಿಯನ್ನೂ ನಾನೇ ಮಾಡಿಕೊಳ್ಳಬೇಕು. ಹೇಗೆ ಮಾಡುವುದೆಂಬುದನ್ನು ಆಟದಿಂದ ಕಲಿಯುವುದಕ್ಕೆ ನಾಚಿಕೆ ಯಾಕೆ?

ನಾಲ್ಕು ತಿಂಗಳಿಂದ ಹೀಗೆ ಮಾಡುತ್ತಿದ್ದೇನೆ. ಮೋಹನ ರಾಗದ ಐದು ಸ್ವರಗಳಲ್ಲಿ ಮೂರನ್ನೇ ಹಿಡಿದು, ಆದಿತಾಳದ ಒಂದು ಆವರ್ತದೊಳಗೆ ಏನಾದರೂ ಸ್ವಂತ ನುಡಿಸಿ, ಗಾಂಧಾರಕ್ಕೆ ಬಂದು ನಿಲ್ಲಬೇಕು. ಅವತ್ತಿನ ಆಟ ಅಷ್ಟೇ. ಮೊಬೈಲಿನಲ್ಲಿ ಧ್ವನಿ ಹಿಡಿದು ತಕ್ಷಣ ಕೇಳುತ್ತೇನೆ. ತಾಳ ತಪ್ಪಿದ್ದರೆ ಮತ್ತೆ. ಹತ್ತು ದಿನ ಸರಿಬಂದರೆ ನಾಲ್ಕನೆಯ ಸ್ವರಕ್ಕೆ ಅನುಮತಿ. ಈಗ ಐದು ಸ್ವರ, ಎರಡು ಆವರ್ತಕ್ಕೆ ಬಂದಿದ್ದೇನೆ. ಕಚೇರಿ ಮಾಡುವ ಮಟ್ಟವಲ್ಲ, ಆದರೆ ಹನ್ನೊಂದು ವರ್ಷ ನಿಂತಿದ್ದ ಗಾಡಿ ಚಲಿಸಿದೆ. ಕಥೆ ನಿಂತವರು ಬರಿಯ ಸಂಭಾಷಣೆಯ ಹತ್ತು ಸಾಲು ಬರೆಯಲಿ, ಚಿತ್ರ ನಿಂತವರು ಎರಡೇ ಬಣ್ಣದಲ್ಲಿ ಒಂದು ಎಲೆ ಬರೆಯಲಿ.

ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ನನ್ನ ಬೇಡಿಕೆ ಇಷ್ಟೇ. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಪ್ರಥಮ, ದ್ವಿತೀಯ, ತೃತೀಯ ಬಹುಮಾನಗಳನ್ನು ನಿಲ್ಲಿಸಿ. ಸ್ಪರ್ಧೆಯಿಲ್ಲದಿದ್ದರೆ ಜನ ಸೇರುವುದಿಲ್ಲ, ಜಾಹೀರಾತು ಸಿಗುವುದಿಲ್ಲ ಎನ್ನುತ್ತೀರಿ. ಹಾಗಾದರೆ ಮಕ್ಕಳು ಹಾಡುವುದು ಹಾಡಿಗಾಗಿಯೋ, ನಿಮ್ಮ ಜಾಹೀರಾತಿಗಾಗಿಯೋ? ತಿಂಗಳಿಗೊಂದು ಭಾನುವಾರ ಸಂಜೆ ಎರಡು ಗಂಟೆ ಸಭಾಗೃಹ ತೆರೆದಿಡಿ. ಮೈಕು ಬೇಡ, ತೀರ್ಪುಗಾರರು ಬೇಡ, ಮೊಬೈಲು ಚಿತ್ರೀಕರಣ ಬೇಡ. ಅರ್ಧ ಕಲಿತದ್ದನ್ನೇ ತರಬೇಕು, ತಪ್ಪಿದರೆ ಅಲ್ಲೇ ಮತ್ತೆ ಆರಂಭಿಸಬೇಕು. ಮೊದಲು ದೊಡ್ಡವರ ಸರದಿ, ಅಧ್ಯಕ್ಷರಿಂದಲೇ ಶುರುವಾಗಲಿ. ನಾವು ತಪ್ಪುವುದನ್ನು ಮಕ್ಕಳು ನೋಡಲಿ. ಮೊದಲ ಭಾನುವಾರ ಕೊಳಲು ತರಲು ನಾನು ಸಿದ್ಧ.

ಮಗಳು ಇನ್ನೂ ಹಾಡುವುದಿಲ್ಲ. ಆದರೆ ಮೊನ್ನೆ ರಾತ್ರಿ ನಾನು ನುಡಿಸುತ್ತಿದ್ದಾಗ ಮೊಬೈಲಿನಿಂದ ತಲೆಯೆತ್ತದೆ, "ಅಪ್ಪ, ಅಲ್ಲಿ ತಪ್ಪಾಯ್ತು. ಇನ್ನೊಂದ್ಸಲ ನುಡಿಸು" ಎಂದಳು. ನುಡಿಸಿದೆ.