ರಿಜೆಕ್ಟ್ ಆಗಬೇಕಾದುದು ಯಾವುದು?

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ನಿಂತವನಿಗೆ ಡ್ರಾಯಿಂಗೇ ಪ್ರಮಾಣ. ಮೈಕ್ರೋಮೀಟರಿನ ಅಳತೆ ಅದಕ್ಕೆ ಹೊಂದದೆ ಹೋದರೆ ಜಾಬು ರಿಜೆಕ್ಟ್ ಆಗುವುದಲ್ಲದೆ ಡ್ರಾಯಿಂಗನ್ನು ಯಾರೂ ದೂರುವುದಿಲ್ಲ. ಅಲ್ಲಿಂದ ಯಶವಂತಪುರವನ್ನು ದಾಟಿ ಬಂದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾಯವಾದರೋ ಇದಕ್ಕೆ ವಿಪರೀತವಾದುದು: ವಸ್ತುವಿಗೆ ಒಪ್ಪದ ನಕ್ಷೆಯೇ ಅಲ್ಲಿ ತ್ಯಾಜ್ಯ. ಈ ಎರಡನೆಯ ನ್ಯಾಯವನ್ನು ಎಳೆಯರಿಗೆ ಮನಗಾಣಿಸಲು ಹನ್ನೊಂದನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿದ್ದ ಡೈಬೋರೇನಿನ ಪಾಠವು, ಹೊರೆಯಿಳಿಸುವ ಈಚಿನ ಪರಿಷ್ಕರಣದಲ್ಲಿ ಅಧ್ಯಾಯಸಮೇತ ಲೋಪವಾದುದು ನನಗೆ ಸರಿಯೆನಿಸುವುದಿಲ್ಲ.

ಎರಡು ಪರಮಾಣುಗಳ ನಡುವಣ ಒಂದು ಗೆರೆಗೆ ಒಂದು ಜೊತೆ ಎಲೆಕ್ಟ್ರಾನ್ ಎಂಬುದು ಶಾಲೆಯ ಲೆಕ್ಕ. ಎರಡು ಬೋರಾನ್, ಆರು ಜಲಜನಕಗಳ ಡೈಬೋರೇನನ್ನು ಈಥೇನಿನಂತೆ ಬರೆಯಹೊರಟರೆ ಏಳು ಗೆರೆಗಳಿಗೆ 14 ಎಲೆಕ್ಟ್ರಾನುಗಳು ಬೇಕು, ಇರುವುವು 12. ಎರಡು ಜಲಜನಕಗಳು ಬೋರಾನುಗಳ ನಡುವೆ ಸೇತುವೆಯಾಗಿ ನಿಂತು, ಒಂದೊಂದು ಸೇತುವೆಯಲ್ಲಿಯೂ ಮೂರು ಪರಮಾಣುಗಳು ಒಂದೇ ಜೊತೆಯನ್ನು ಹಂಚಿಕೊಳ್ಳುವುವೆಂದು 1943ರಲ್ಲಿ ಆಕ್ಸ್‌ಫರ್ಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಲಾಂಗೆಟ್-ಹಿಗಿನ್ಸ್ ತನ್ನ ಗುರು ಬೆಲ್ಲರೊಡನೆ ಸಾಧಿಸಿದನು. ಬೋರೇನುಗಳ ರಚನೆಯನ್ನು ಬಿಡಿಸಿದ ಲಿಪ್ಸ್‌ಕೂಂಬರಿಗೆ 1976ರ ನೊಬೆಲ್ ಬಂದಿತು.

ಇಂಥ ಬಂಧವನ್ನು ನಂಬಬೇಕಾದರೆ ಅಳೆಯಬೇಕು. ಎಕ್ಸ್-ಕಿರಣಗಳನ್ನು ಚದರಿಸುವುವು ಎಲೆಕ್ಟ್ರಾನುಗಳೇ ಆದುದರಿಂದ, ಹರಳಿನಿಂದ ಹೊಮ್ಮಿದ ಕಿರಣಗಳ ತೀವ್ರತೆಯಿಂದ ಎಲೆಕ್ಟ್ರಾನುಗಳ ಸಾಂದ್ರತೆಯನ್ನು, ಗುಡ್ಡಗಾಡಿನ ಏರುತಗ್ಗುಗಳನ್ನು ನಕಾಶೆಯಲ್ಲಿ ತೋರುವಂತೆ, ಗುರುತಿಸಬಹುದು. ಡೈಬೋರೇನಿನ ಸಾಂದ್ರತೆಯಲ್ಲಿ ದಿಣ್ಣೆಯ ಹಾದಿ ಬೋರಾನಿನಿಂದ ಬೋರಾನಿಗೆ ನೇರವಾಗಿ ಹೋಗದೆ ಜಲಜನಕವನ್ನು ಬಳಸಿ ಬಾಗುತ್ತದೆ. ನಮ್ಮ ವಿಜ್ಞಾನ ಸಂಸ್ಥೆಯಲ್ಲಿಯೇ ಅರುಣನ್ 2013ರಲ್ಲಿ ಪ್ರತಿಪಾದಿಸಿದ 'ಇಂಗಾಲ ಬಂಧ'ವೆಂಬ ದುರ್ಬಲ ಆಕರ್ಷಣೆಗೆ ಗುರುರಾವ್ ಅವರ ತಂಡವು ಮರುವರ್ಷವೇ ಹರಳುಗಳಲ್ಲಿ ಸಾಕ್ಷ್ಯವನ್ನು ಒದಗಿಸಿದುದೂ ಇಂಥದೇ ಅಳತೆಯಿಂದ.

ಅಪವಾದಗಳನ್ನು ಕಲಿಸಿದರೆ ಮಕ್ಕಳು ಗೊಂದಲಗೊಳ್ಳುವರೆಂಬ ವಾದವುಂಟು. ಗೆರೆಯು ಮನುಷ್ಯನ ಅನುಕೂಲವೆಂಬುದನ್ನು ಅರಿಯದೆ ಅದನ್ನೇ ವಸ್ತುವೆಂದು ಬಗೆದು ಪದವಿ ಪಡೆಯುವುದೂ ಗೊಂದಲವೇ, ಆದರೆ ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳದು. ಎಲೆಕ್ಟ್ರಾನಿಕ್ ಸಿಟಿಯ ಗಣಕಗಳೊಳಗಿನ ಚಿಪ್ಪುಗಳಿಗಾಗಿ ಸಿಲಿಕಾನಿಗೆ ಬೋರಾನನ್ನು ಬೆರೆಸಲು ತಯಾರಕರು ಬಳಸುವ ಅನಿಲಗಳಲ್ಲಿ ಡೈಬೋರೇನೂ ಒಂದು. 12ರಲ್ಲಿಯೇ ಸಂಸಾರವನ್ನು ತೂಗಿಸಿಕೊಂಡು ಇಷ್ಟು ಕೆಲಸ ಮಾಡುತ್ತಿರುವ ಅಣುವನ್ನು, 14 ಇಲ್ಲವೆಂಬ ಕಾರಣಕ್ಕೆ ತರಗತಿಯಿಂದ ಹೊರಗಿಡುವುದು ಪೀಣ್ಯದ ನ್ಯಾಯವನ್ನು ತಪ್ಪು ಜಾಗದಲ್ಲಿ ನಡೆಸಿದಂತಲ್ಲವೆ?